ಬಾಟಲಿ ಒಲ್ಲದ ಕೂಸು

ಕೂಸನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುವ ತಾಯಿಯ ಸುತ್ತ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆಯುವಾಗ ಮಾತ್ರ ಆ ತಾಯಿಗೆ ನಗು ಬರುವುದಿಲ್ಲ.

ನನ್ನ ಮಗಳಿಗೆ ಐದು ತಿಂಗಳಿದ್ದಾಗ ಪುಣೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅವಳ ತಂದೆ ಅವಳ ಮುಖ ನೋಡಲಿಲ್ಲ. ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಕೆಲಸ ದೀಪಾವಳಿಯವರೆಗೆ ಪರೀಕ್ಷೆಯ ಮೇಲೆ, ಒಪ್ಪಿಗೆಯಾದರೆ ಖಾಯಂ. ಮುಖ್ಯಾಧ್ಯಾಪಿಕೆಯವರು ಮೊದಲ ದಿನವೇ ಹೇಳಿಬಿಟ್ಟರು: “ಹನ್ನೊಂದರಿಂದ ಐದರವರೆಗೆ ನೀವು ಶಾಲೆಯವರು. ಮಗುವಿಗಾಗಿ ಒಮ್ಮೆ ವರ್ಗ ಬಿಟ್ಟು ಓಡಿದರೂ ಇಲ್ಲಿಯ ಕೆಲಸ ಮುಗಿಯಿತೆಂದು ತಿಳಿಯಿರಿ.” ಅದು ಮುಗಿದರೆ ವಿಜಾಪುರದಲ್ಲಿ ಭಾವನವರ ಅಡುಗೆಮನೆ ನನ್ನನ್ನು ಕಾದಿತ್ತು, ಜನ್ಮಕ್ಕೆಲ್ಲ.

ಒಂದೇ ಅಂಗಳದ ಸುತ್ತ ಹಲವು ಬಿಡಾರಗಳಿದ್ದ ನಮ್ಮ ವಾಡೆಯಲ್ಲಿ ಎದುರು ಕೋಣೆಯ ಅಜ್ಜಿ ಕೂಸನ್ನು ನೋಡಿಕೊಳ್ಳಲು ಒಪ್ಪಿದರು. ಅವರೂ ವಿಜಾಪುರದ ಕಡೆಯವರೇ. ಅಜ್ಜ ರೇಲ್ವೆಯಲ್ಲಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾದವರು. ಬಿಳಿ ಮೀಸೆ, ದಪ್ಪ ಕನ್ನಡಕ, ಮಾತು ಕಡಿಮೆ. ಎಲ್ಲ ಸರಿಯಾಗಿತ್ತು. ಕೂಸು ಮಾತ್ರ ಎದೆಹಾಲು ಬಿಟ್ಟು ಬೇರೇನೂ ಒಲ್ಲೆನೆನ್ನುತ್ತಿತ್ತು.

ಕ್ಯಾಂಪಿನ ಬಾಟಲಿ

ಊರಲ್ಲೆಲ್ಲ ಸ್ವದೇಶಿ ಚಳವಳಿಯ ಭಾಷಣಗಳು ನಡೆದಿದ್ದ ಕಾಲ; ಆದರೂ ಬಿಳಿಯರ ದಂಡಿದ್ದ ಕ್ಯಾಂಪಿನ ಅಂಗಡಿಯಿಂದ ಹಾಲಿನ ಬಾಟಲಿ ತಂದೆ. ದೋಣಿಯಂಥ ಗಾಜು, ತುದಿಗೆ ರಬ್ಬರು. ಕೂಸು ಒಮ್ಮೆ ಚೀಪಿತು, ಕಷಾಯ ಕುಡಿದವರ ಮುಖ ಮಾಡಿತು, ನಾಲಿಗೆಯಿಂದ ರಬ್ಬರನ್ನು ಹೊರಗೆ ನೂಕಿತು. ನಾನು ಹಿಡಿದೆ, ಅಜ್ಜಿ ಹಿಡಿದರು, ನಳಕ್ಕೆ ನೀರಿಗೆ ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕೊಡ ಕೆಳಗಿಟ್ಟು ಹಿಡಿದು ನೋಡಿದರು. ಕೂಸು ಎಲ್ಲರಿಗೂ ಒಂದೇ ಮುಖ ತೋರಿಸಿತು.

ಕಡೆಗೆ ಅಜ್ಜ ಪತ್ರಿಕೆ ಮಡಚಿಟ್ಟು, ಬಾಟಲಿಯನ್ನು ಬೆಳಕಿಗೆ ಹಿಡಿದು, ಗಾಜಿನ ಮೇಲಿನ ಇಂಗ್ಲಿಷ್ ಅಕ್ಷರ ಓದಿದರು.

“ವಿಲಾಯತಿ ಮಾಲು. ಹೆಂಗ ಕುಡೀತದ? ಈ ವಾಡೇದಾಗ ಎಲ್ಲಾರೂ ಭಾಷಣಾ ಮಾಡಿದ್ರು. ಖರೇ ಬಹಿಷ್ಕಾರ ಹಾಕಿದಾಕಿ ಇಕಿ ಒಬ್ಬಾಕಿನ ನೋಡ್ರಿ.”

ಮಡಿ

ಬಾಟಲಿ ಹೋಗಿ ಒಳಲೆ ಬಂತು. ಅಜ್ಜಿಗೆ ಅದರಲ್ಲಿ ಕೈ ಪಳಗಿತ್ತು. ಹತ್ತಾರು ಕೂಸುಗಳಿಗೆ ಒಳಲೆಯಿಂದ ಹಾಲು ಕುಡಿಸಿದವರು. ನಾನು ಕೂಸಿಗೆ ಹೊಸ ಅಂಗಿ, ಕುಲಾವಿ ಹಾಕಿ ಒಪ್ಪಿಸಿ ಹೋದೆ. ಸಂಜೆ ಬಂದರೆ ಮೈಮೇಲೆ ಉಡಿದಾರವೊಂದು ಬಿಟ್ಟು ಏನೂ ಇಲ್ಲ.

“ಅಂಗಿ ಯಾಕ ತಗದ್ರಿ, ಅಜ್ಜಿ?”

“ನಾ ಮಡೀಲೆ ಇರ್ತೀನಲ್ಲ? ಮೈಲಿಗಿ ಇರೋದು ಅಂಗಿ-ಅರಿವಿಗೆ. ಬರೇಮೈಲೆ ಇದ್ದ ಕೂಸಿಗೆ ಎಲ್ಲೀ ಮೈಲಿಗಿ?”

“ಹಾಲು ಕುಡೀತೇನ್ರಿ?”

ಅಜ್ಜಿ ಒದ್ದೆ ಸೆರಗು ಹಿಂಡಿದರು. ಅವರ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ಹಗ್ಗದ ಮೇಲೆ ಮಡಿಸೀರೆಗಳು ಸಾಲಾಗಿ ಒಣಗುತ್ತಿದ್ದವು.

“ಉಚ್ಚಿ ಹೊಯ್ತು, ಗಂಗಾ ಅಂತ ತಿಳಕೊಂಡು ಸುಮ್ಮನಾದೆ. ಆದ್ರ ಹಾಲು ಬಾಯಾಗ ಹಾಕಿಸಿಕೊಂಡು ನನ್ನ ಮ್ಯಾಲ ಉಗುಳತದಲ್ಲ, ಅದು ಎಂಜಲಾತಿಲ್ಲೋ? ಉಗುಳಿದಾಗೊಮ್ಮೆ ಹೋಗಿ ನೀರು ಹಾಕ್ಕೊಂಡೆ. ನಿಮ್ಮ ಅಜ್ಜ ಕೇಳ್ತಾರ, ಬಾಣಂತನ ಆಕಿದೋ, ನಿಂದೋ ಅಂತ!”

ನಮ್ಮದಲ್ಲ

ಶಾಲೆಯಲ್ಲಿ ನಾನು ಇನ್ನೊಂದು ಥರ ಪಾಡುಪಡುತ್ತಿದ್ದೆ. ಓಣಿಯಲ್ಲಿ ಯಾವ ಕೂಸು ಅತ್ತರೂ ನನ್ನ ಕೈಯ ಸೀಮೆಸುಣ್ಣ ಹಲಗೆಯ ಮೇಲೆ ನಿಂತುಬಿಡುತ್ತಿತ್ತು. ಶಿಕ್ಷಕಿಯಾದ ನನ್ನನ್ನು ಮರಾಠಿ ರೂಢಿಯಂತೆ ‘ಬಾಯಿ’ ಎನ್ನುತ್ತಿದ್ದ ನಾಲ್ಕನೆಯ ವರ್ಗದ ಹುಡುಗಿಯರು ಶಾಲೆ ಬಿಟ್ಟ ಮೇಲೆ ನನ್ನ ಮಗಳನ್ನು ನೋಡಲು ವಾಡೆಗೆ ಬರುತ್ತಿದ್ದರು. ಹಾಗಾಗಿ ವಿಷಯ ಅವರಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಭಾಗಾಕಾರದ ನಡುವೆ ಕಿಟಕಿಯ ಕೆಳಗೆ ಅಳು ಕೇಳಿಸಿತು. ನಾನು ಶೇಷವನ್ನು ಬರೆಯದೆ ಹಾಗೇ ನಿಂತೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಿವಿಗೊಟ್ಟು ಕೇಳಿ, ಮರಾಠಿಯಲ್ಲಿ ಸಮಾಧಾನ ಹೇಳಿದಳು:

“ಬಾಯೀ, ನೀವು ಲೆಕ್ಕ ಮುಂದುವರಿಸಿ. ಅದು ನಮ್ಮದಲ್ಲ. ನಮ್ಮದು ಇದಕ್ಕಿಂತ ಚೆನ್ನಾಗಿ ಅಳುತ್ತದೆ.”

ನನ್ನ ಸೀರೆ

ಚಾತುರ್ಮಾಸ ಬಂತು. ಅಜ್ಜಿಯ ಮಡಿ ಬೆಳಗಿನಿಂದ ಸಂಜೆಯವರೆಗೂ ಬೆಳೆಯಿತು. ಕೂಸು ಹಗಲೆಲ್ಲ ಉಪವಾಸವಿದ್ದು ಸೊರಗತೊಡಗಿತು. ದೀಪಾವಳಿಗೆ ಮೊದಲೇ ನಾನೇ ಕೆಲಸ ಬಿಡುವುದು ಒಳ್ಳೆಯದೇನೋ ಎಂದು ಒಂದು ಸಂಜೆ ಅಜ್ಜಿಯ ಮುಂದೆ ಅಂದೆ.

ಮರುದಿನ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಕೂಸು ಹುಡುಕುವುದು ತಾಯಿಯ ಮೈವಾಸನೆಯನ್ನು ಎಂದು ಅವರಿಗೆ ಹೊಳೆಯಿತಂತೆ. ನನ್ನ ಕೋಣೆಯ ಗೂಟದ ಮೇಲೆ ನಾನು ಹಿಂದಿನ ದಿನ ಉಟ್ಟು ಬಿಟ್ಟ ಬೂದು ಸೀರೆ ಇತ್ತು. ಆದರೆ ಅದು ಮೈಲಿಗೆ, ಮಡಿಯಲ್ಲಿದ್ದವರು ಮುಟ್ಟುವಂತಿಲ್ಲ. ಅಜ್ಜಿ ದೂರದಿಂದಲೇ ಬೆರಳು ತೋರಿಸಿದರು.

“ನೀವು ಹೊದ್ಕೋರಿ.”

“ನಾನಽ?” ಅಂದರು ಅಜ್ಜ.

“ಮತ್ತ ಯಾರು? ಆಕಿ ನೌಕರಿ ಹೋಗಲೇನು?”

ಅಜ್ಜ ಧೋತರದ ಮೇಲೆ ನನ್ನ ಸೀರೆ ಸುತ್ತಿ, ತಲೆಯ ಮೇಲೆ ಸೆರಗು ಹೊದ್ದು, ಕೂಸನ್ನು ಎದೆಗೆ ಒತ್ತಿಕೊಂಡು ಅಂಗಳದ ಕಟ್ಟೆಯ ಮೇಲೆ ಕುಳಿತರು. ಕೂಸು ಸೆರಗಿನಲ್ಲಿ ಮೂಗು ಹುದುಗಿಸಿತು. ಒಮ್ಮೆ ಮೀಸೆಯನ್ನು ನೋಡಿತು. ಕಣ್ಣು ಮುಚ್ಚಿ ಒಳಲೆಯ ಹಾಲು ಕುಡಿಯತೊಡಗಿತು.

ಅದೇ ಹೊತ್ತಿಗೆ ಮುಖ್ಯಾಧ್ಯಾಪಿಕೆಯವರು ಯಾವುದೋ ಕೆಲಸಕ್ಕೆ ನಮ್ಮ ಓಣಿಯಲ್ಲಿ ಹೊರಟಿದ್ದರು. ವಾಡೆಯ ತೆರೆದ ಬಾಗಿಲಲ್ಲಿ ನನ್ನ ಬೂದು ಸೀರೆಯ ಬೆನ್ನು ಕಂಡಿತು. ಶಾಲೆಗೆ ಉಡಲು ನನಗಿದ್ದ ಎರಡು ಸೀರೆಗಳೂ ಅದೇ ಬಣ್ಣದವು.

“ಬಾಯೀ! ವರ್ಗ ಬಿಟ್ಟು ಇಲ್ಲಿ ಕೂತಿದ್ದೀರಾ?” ಎಂದು ಬಾಗಿಲಿನಿಂದಲೇ ಗುಡುಗಿದರು.

ಸೀರೆ ತಿರುಗಲಿಲ್ಲ. ಸುಮ್ಮನಿರಿ ಎಂಬಂತೆ ಒಂದು ಕೈ ಮೇಲೆದ್ದಿತು. ಅವರು ಇನ್ನಷ್ಟು ಸಿಟ್ಟಾಗಿ ಎದುರಿಗೆ ಬಂದು ನಿಂತರು. ಸೆರಗಿನೊಳಗಿಂದ ಕನ್ನಡಕ, ಬಿಳಿ ಮೀಸೆ ಮೇಲೆ ನೋಡಿದವು.

“ಬಾಯಿಯವರು ಶಾಲೆಯಲ್ಲಿದ್ದಾರೆ,” ಎಂದರು ಅಜ್ಜ, ಶುದ್ಧ ಕಚೇರಿ ಮರಾಠಿಯಲ್ಲಿ. “ಭೇಟಿಯಾಗುವುದಿದ್ದರೆ ಐದರ ಮೇಲೆ ಬನ್ನಿ.”

ಸ್ವಲ್ಪ ಹೊತ್ತಿಗೆ ಮುಖ್ಯಾಧ್ಯಾಪಿಕೆಯವರು ನನ್ನ ವರ್ಗದ ಬಾಗಿಲಿಗೆ ಬಂದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಇದು ನೀವೇ ತಾನೆ?” ಎಂದರು. ನಾನು ಹೌದೆಂದೆ. ಅವರು ತುಟಿ ಕಚ್ಚಿಕೊಂಡು ಹೊರಟುಹೋದರು. ಪಡಸಾಲೆಯ ಕೊನೆಯಿಂದ ದೊಡ್ಡ ನಗು ಕೇಳಿಸಿತು. ಶಾಲೆ ಬಿಡುವಾಗ ಕರೆದು, ದೀಪಾವಳಿಯವರೆಗೆ ಕಾಯುವ ಕಾರಣವಿಲ್ಲ, ಕೆಲಸ ಖಾಯಂ ಎಂದರು.

ಮನೆಗೆ ಓಡಿದೆ. ಅಜ್ಜಿ ಎಲ್ಲ ಹೇಳಿದರು. ನಾನು ನಕ್ಕೆ; ಆ ವರುಷ ಮೊದಲ ಸಲ. ಆಮೇಲೆ ಅಜ್ಜನ ಕಾಲು ಮುಟ್ಟಿ ನಮಸ್ಕರಿಸಿ, ನಿಮಗೆ ಭಾಳ ತ್ರಾಸ ಆತು ಎಂದೆ.

ಅಜ್ಜ ಪತ್ರಿಕೆಯಿಂದ ಕಣ್ಣು ತೆಗೆಯಲಿಲ್ಲ.

“ತ್ರಾಸ ಏನಿಲ್ಲವ್ವಾ. ನಾಳಿಗೆ ಒಂದು ಪಿನ್ನು ಇಟ್ಟು ಹೋಗು. ಸೆರಗು ನಿಲ್ಲವಲ್ತು.”