ಭಾವನ ಬಾಲ್ಕನಿ, ಅಕ್ಕನ ಹಸಿರು ಚೂಡಿದಾರ

ನಮ್ಮ ಭಾವನ ಪ್ರಕಾರ ದೇವರು ಸಮುದ್ರವನ್ನು ಸೃಷ್ಟಿಸಿದ್ದು ಒಂದೇ ಕಾರಣಕ್ಕೆ. ಅಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ, ಬಟ್ಟೆ ಬೇಗ ಒಣಗುತ್ತದೆ! ಮೀನು, ಮುತ್ತು, ಹಡಗು ಇವೆಲ್ಲ ಆಮೇಲೆ ಸೇರಿಕೊಂಡ ವಿಷಯಗಳು.

ಭಾವ ಎಂದರೆ ನನ್ನ ಅಕ್ಕನ ಗಂಡ. ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್. ಹಗಲೆಲ್ಲ ಯಂತ್ರಗಳ ನಡುವೆಯೇ ಬದುಕುವ ಈ ಮಹಾನುಭಾವನಿಗೆ ಬಟ್ಟೆ ಒಣಗಿಸುವ ಡ್ರೈಯರ್ ಎಂಬ ಒಂದು ಯಂತ್ರ ಮಾತ್ರ ಕಂಡರಾಗದು. "ಅದು ಬಟ್ಟೆ ಒಣಗಿಸಲ್ಲಮ್ಮ, ಹುರಿಯತ್ತೆ! ಬಟ್ಟೆಗೆ ಗಾಳಿ ಬೇಕು, ಗಾಳಿ!" ಎನ್ನುತ್ತಾರೆ. ಅವರ ಮನೆಯಲ್ಲೂ ಒಂದು ಡ್ರೈಯರ್ ಇದೆ. ಅಕ್ಕ ಅದರೊಳಗೆ ತೊಗರಿಬೇಳೆ, ಅವಲಕ್ಕಿ, ಹುಣಸೆಹಣ್ಣಿನ ಡಬ್ಬಿಗಳನ್ನು ಜೋಡಿಸಿದ್ದಾಳೆ.

ಅವರ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಹೊರಗೆ ಹಗ್ಗ ಕಟ್ಟಿ ಬಟ್ಟೆ ಹರವುವುದಕ್ಕೆ ಅನುಮತಿಯಿಲ್ಲ. ಭಾವ ಬಿಟ್ಟಾರೆಯೇ? ಹಿತ್ತಲಿನ ಎರಡು ಮೇಪಲ್ ಮರಗಳಿಗೆ ನೈಲಾನ್ ಹಗ್ಗ ಬಿಗಿದು ಅಕ್ಕನ ಸೀರೆಗಳನ್ನೂ ತಮ್ಮ ಪಂಚೆಗಳನ್ನೂ ಹರವಿದರು. ಬಡಾವಣೆಯ ಅಸೋಸಿಯೇಷನ್ನಿನವರು ಬಂದು ಇದೇನೆಂದು ಕೇಳಿದಾಗ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, "ನಮ್ಮ ಹಬ್ಬದ ಅಲಂಕಾರ" ಎಂದರು. ಬಂದವರು ಪಾಪ, ಶುಭಾಶಯ ಹೇಳಿ ಹೋದರು. ಆ ಬೇಸಿಗೆಯಲ್ಲಿ ವಿಕ್ಸಮ್‌ನಲ್ಲಿ ಪ್ರತಿ ಶನಿವಾರ ಹಬ್ಬ! ಪಕ್ಕದ ಮನೆಯ ಅಜ್ಜಿ ಒಂದು ದಿನ ಕೇಕು ಹಿಡಿದುಕೊಂಡು ಬಂದು, ನಿಮ್ಮ ಹಬ್ಬಗಳ ಊಟಕ್ಕೆ ನನ್ನನ್ನು ಒಮ್ಮೆಯೂ ಕರೆದಿಲ್ಲವಲ್ಲ ಎಂದು ನೊಂದುಕೊಂಡರಂತೆ.

ನಾವಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ವಿಕ್ಸಮ್‌ನಿಂದ ನಮ್ಮ ಮನೆಗೆ ಡ್ರೈವ್ ಮಾಡಿಕೊಂಡು ಬರುವಾಗಲೂ ಭಾವ ಸುಮ್ಮನೆ ಬರುವವರಲ್ಲ. ಹಿಂದಿನ ಸೀಟಿನ ಮೇಲೆ ಒದ್ದೆ ಪಂಚೆ ಹರಡಿ, ಎರಡೂ ಕಡೆಯ ಗಾಜನ್ನು ಇಷ್ಟಿಷ್ಟೇ ಇಳಿಸಿಕೊಂಡು ಬರುತ್ತಾರೆ. ಮನೆಗೆ ಬಂದವರು ಕ್ಷೇಮ ಸಮಾಚಾರ ಕೇಳುವ ಮೊದಲೇ ವರದಿ ಒಪ್ಪಿಸುತ್ತಾರೆ. "ಅರ್ಧ ದಾರೀಲಿ, ಕಲಮಜೂ ಎಕ್ಸಿಟ್ ಬರೋ ಅಷ್ಟರಲ್ಲೇ ಒಣಗಿಹೋಯ್ತಮ್ಮ!" ಅಕ್ಕ ಅವರ ಹಿಂದೆ ನಡುಗುತ್ತಾ ಇಳಿಯುತ್ತಾಳೆ. ಜನವರಿಯಲ್ಲಿ ಕಿಟಕಿ ತೆರೆದುಕೊಂಡು ಬಂದರೆ ನಡುಗದೆ ಇನ್ನೇನು!

ಭಾವನ ಇನ್ನೊಂದು ವಿಶೇಷ ಹೇಳಲೇಬೇಕು. ಅವರು ಅಕ್ಕನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಾದ ಹೊಸತರಲ್ಲಿ ಅವರದು ತುಂಬಿದ ಮನೆ. ಹಿರಿಯರೆದುರು ಗಂಡ ಹೆಂಡತಿಯ ಹೆಸರು ಕೂಗಿದರೆ ನಾಚಿಕೆಗೇಡು. ಸರಿ, ಒಪ್ಪೋಣ. ಆದರೆ ವಿಕ್ಸಮ್‌ನಲ್ಲಿ ಪಕ್ಕದ ಮನೆಯ ಕೇಕಿನ ಅಜ್ಜಿಯನ್ನು ಬಿಟ್ಟರೆ ಇವರಿಗಿಂತ ಹಿರಿಯರು ಯಾರಿದ್ದಾರೆ? ಊಹೂಂ! ಮನೆಯಲ್ಲಿ "ಇವಳೇ" ಎನ್ನುತ್ತಾರೆ, ನನ್ನೊಡನೆ ಫೋನಿನಲ್ಲಿ "ನಿಮ್ಮಕ್ಕ" ಎನ್ನುತ್ತಾರೆ, ನಾಲ್ಕು ಜನರ ನಡುವೆ ಕೆಮ್ಮುತ್ತಾರೆ. ಆ ಕೆಮ್ಮು ಬೇರೆ ಯಾವ ಕೆಮ್ಮಿನ ಹಾಗೂ ಇಲ್ಲ. ಎರಡು ಗಿಡ್ಡ, ಒಂದು ಉದ್ದ. ಅಕ್ಕ ಎಲ್ಲಿದ್ದರೂ ತಿರುಗಿ ನೋಡುತ್ತಾಳೆ.

ಒಮ್ಮೆ ದೊಡ್ಡ ಮಾಲ್‌ನಲ್ಲಿ ಅಕ್ಕ ಕಣ್ತಪ್ಪಿಹೋದಳು. ಭಾವ ಮಹಡಿ ಮಹಡಿ ಹತ್ತಿ ಇಳಿದು ಕೆಮ್ಮಿದರು. ಅಂಗಡಿಯ ಹುಡುಗಿಯೊಬ್ಬಳು ಕನಿಕರದಿಂದ ಮೊದಲು ನೀರು ಕೊಟ್ಟು, ವಿಷಯ ತಿಳಿದ ಮೇಲೆ, "ಮೈಕಿನಲ್ಲಿ ಕೂಗಿಸುತ್ತೇನೆ, ನಿಮ್ಮ ಹೆಂಡತಿಯ ಹೆಸರು ಹೇಳಿ" ಎಂದಳು. ಭಾವ ಥ್ಯಾಂಕ್ಸ್ ಹೇಳಿ, ಕಾರಿನ ಪಕ್ಕ ಹಿಮದಲ್ಲಿ ಹೋಗಿ ನಿಂತರು. ಅಂಗಡಿ ಮುಚ್ಚಿದ ಮೇಲೆ ಅಕ್ಕ ಹೇಗೂ ಬರಲೇಬೇಕಲ್ಲ!

ಇಂಥವರನ್ನು ಕಟ್ಟಿಕೊಂಡು ನಾವು ಕೆರಿಬಿಯನ್ ಕ್ರೂಸಿಗೆ ಹೊರಟೆವು. ಒಂದು ಡಿಸೆಂಬರ್, ಮಕ್ಕಳ ಶಾಲೆಗೆ ರಜೆ. ನಾನು, ನಮ್ಮವರು, ಹೈಸ್ಕೂಲಿನಲ್ಲಿದ್ದ ಮಗಳು, ಜೊತೆಗೆ ಅಕ್ಕ ಭಾವ. ಇಷ್ಟಕ್ಕೂ ಈ ಪ್ರಯಾಣ ಅಕ್ಕನಿಗಾಗಿ. ಮೈಸೂರಿನಲ್ಲಿ ಹುಟ್ಟಿ ಮಿಶಿಗನ್ನಿನಲ್ಲಿ ನೆಲೆಸಿದ ಅವಳು ಅಷ್ಟು ವರ್ಷವಾದರೂ ಸಮುದ್ರದಲ್ಲಿ ಕಾಲಿಟ್ಟವಳಲ್ಲ. ಭಾವ ರಜೆ ಹಾಕುತ್ತಿದ್ದುದೇ ಬೇರೆಯವರ ಮನೆಯ ಮದುವೆ ಮುಂಜಿಗಳಿಗೆ. "ಒಂದೇ ಒಂದ್ಸಲ ಸಮುದ್ರದಲ್ಲಿ ಕಾಲಿಟ್ಟು ನಿಂತ್ಕೋಬೇಕು ಕಣೇ, ಅಷ್ಟೇ ಸಾಕು ನಂಗೆ" ಎಂದು ಅವಳು ಹೇಳಿದ್ದಕ್ಕೇ ನಾನು ಹಟ ಹಿಡಿದು ಹೊರಡಿಸಿದ್ದು.

ಆಶ್ಚರ್ಯವೆಂದರೆ ಭಾವ ತಾವಾಗಿಯೇ ಬಾಲ್ಕನಿ ಇರುವ ಕೋಣೆ ಬೇಕೆಂದರು. ಅಕ್ಕ ಕೆಂಪಾದಳು. "ಇಬ್ರೂ ಕೂತ್ಕೊಂಡು ಸಮುದ್ರ ನೋಡೋಣ ಅಂತ ಇರಬೇಕು" ಎಂದು ಫೋನಿನಲ್ಲಿ ಪಿಸುಗುಟ್ಟಿದಳು. ನಾನೂ ನಂಬಿದೆ! ಹಡಗು ಹತ್ತಿದ ಸಂಜೆ ಹೋಗಿ ನೋಡುತ್ತೇನೆ, ಭಾವ ಸೂಟ್‌ಕೇಸಿನಿಂದ ನೈಲಾನ್ ಹಗ್ಗ ಹೊರತೆಗೆಯುತ್ತಿದ್ದಾರೆ. ಬಾಲ್ಕನಿಯಲ್ಲಿ ಏನನ್ನೂ ನೇತುಹಾಕಬಾರದು ಎಂಬ ಫಲಕವೊಂದು ಬಾಗಿಲಿನ ಮೇಲೆಯೇ ಇತ್ತು. ಅದರ ಮೇಲೆ ತಮ್ಮ ಬನಿಯನ್ ಒಣಹಾಕಿದ್ದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ನಮ್ಮ ಪ್ರಯಾಣದಲ್ಲಿ ಹಡಗು ದಡ ಮುಟ್ಟುವುದು ಒಂದೇ ದಿನ, ಒಂದೇ ದ್ವೀಪದಲ್ಲಿ. ಆ ದಿನ ಬೆಳಗಾಯಿತು. ಹಡಗೇನೋ ಕಟ್ಟೆಗೆ ಬಂದು ನಿಂತಿತು, ಆದರೆ ಎಂಥ ಮಳೆ, ಎಂಥ ಗಾಳಿ! ಈಜುಕೊಳಕ್ಕೆ ಬಲೆ ಹಾಸಿದ್ದರು, ಕುರ್ಚಿಗಳನ್ನು ಹಗ್ಗದಿಂದ ಬಿಗಿದಿದ್ದರು. ಕ್ಯಾಪ್ಟನ್ ಮೈಕಿನಲ್ಲಿ, ದ್ವೀಪ ಸುತ್ತುವ ಬಸ್ಸುಗಳು ರದ್ದಾಗಿವೆ, ಇಳಿಯಲೇಬೇಕೆನ್ನುವವರು ಇಳಿದು ಹತ್ತಿರದಲ್ಲೇ ಓಡಾಡಬಹುದು ಎಂದು ಸಾರಿದ. ಕೊಡೆ ಹಿಡಿದವರು ಕೆಲವರು ಇಳಿದರು. ಉಳಿದವರೆಲ್ಲ ಬಫೆಗೆ ನುಗ್ಗಿದರು.

ಅಕ್ಕ ಹೊಸ ಹುಲ್ಲಿನ ಟೋಪಿ ಹಿಡಿದು ಸಿದ್ಧವಾಗಿ ನಿಂತಿದ್ದಳು. ಭಾವ ಬಾಲ್ಕನಿಯಲ್ಲಿ ನಿಂತು ಪಂಚೆ ಹಿಂಡುತ್ತಿದ್ದರು.

"ಮಳೇಲಿ ಯಾರಾದ್ರೂ ಇಳೀತಾರೇನೇ? ಇರೋ ಬಟ್ಟೇನೂ ನೆನೆದ್ರೆ ಒಣಗ್ಸೋದು ಎಲ್ಲಿ? ನೋಡು, ನಿನ್ನೇದೇ ಒಣಗಿಲ್ಲ!"

"ರೀ, ಇವತ್ತೊಂದೇ ದಿನ. ನಾಳೆ ವಾಪಸ್ ಹೊರಡತ್ತೆ ಹಡಗು."

"ಸಮುದ್ರ ಎಲ್ಲಿಗೆ ಹೋಗತ್ತೆ? ಇನ್ನೊಂದ್ಸಲ ಬಂದ್ರಾಯ್ತು."

"ಇನ್ನೊಂದ್ಸಲ ಅಂದ್ರೆ ಯಾವಾಗ? ಇಷ್ಟು ವರ್ಷ ಆಯ್ತಲ್ಲ, ಆ ಇನ್ನೊಂದ್ಸಲ ಬಂತಾ?" ಅಕ್ಕ ಟೋಪಿಯನ್ನು ತಲೆಗೆ ಒತ್ತಿ ಹಾಕಿಕೊಂಡಳು. "ಸರಿ, ನಾನೊಬ್ಳೇ ಹೋಗ್ತೀನಿ. ಆ ಹಸಿರು ಚೂಡಿದಾರ್ ಹಸಿ ಇದ್ರೂ ಪರವಾಗಿಲ್ಲ, ಅದನ್ನೇ ಹಾಕ್ಕೊಂಡು ಹೋಗ್ತೀನಿ!"

"ಹೋಗು! ನ್ಯುಮೋನಿಯಾ ಬರ್ಲಿ!" ಎಂದು ಭಾವ ನಮ್ಮೊಡನೆ ತಿಂಡಿಗೆ ಹೊರಟೇಬಿಟ್ಟರು. ಅಕ್ಕ ತಿಂಡಿ ಬೇಡವೆಂದು ಕೋಣೆಯಲ್ಲೇ ಉಳಿದಳು. ನನಗೆ ಎಷ್ಟು ಕೋಪ ಬಂತೆಂದರೆ, ಭಾವನನ್ನೇ ಹಗ್ಗಕ್ಕೆ ನೇತುಹಾಕಿ ಕ್ಲಿಪ್ ಹಾಕಬೇಕು ಅನ್ನಿಸಿತು.

ಮಗಳು ನಮ್ಮ ಕೋಣೆಯಲ್ಲಿ ಇನ್ನೂ ಮಲಗಿದ್ದಳು. ನಾವು ಮೂವರು ಬಫೆಯಲ್ಲಿ ಕಿಟಕಿಯ ಪಕ್ಕ ಕುಳಿತೆವು. ಭಾವ ಎರಡು ತಟ್ಟೆ ತಂದಿದ್ದರು. ಒಂದು ತಮಗೆ. ಇನ್ನೊಂದರಲ್ಲಿ ಅಕ್ಕನಿಗೆ ಇಷ್ಟವಾದ ಅನಾನಸ್ ಹೋಳುಗಳನ್ನು ಇಟ್ಟು ಕರವಸ್ತ್ರ ಮುಚ್ಚಿದ್ದರು. ಜಗಳವಾಡಿದ ಮೇಲೆ ಇದೆಂಥ ಉಪಚಾರ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಜೋರಾಗಿ ಗಾಳಿ ಬೀಸಿ ಹಡಗಿನ ಗಾಜುಗಳೆಲ್ಲ ಅದುರಿದವು. ಕೆಳಗಿನ ಮಹಡಿಯಿಂದ ಹೆಂಗಸೊಬ್ಬಳು ಕಿರುಚಿದಳು. ಮರುಕ್ಷಣವೇ ಗಂಟೆ ಮೊಳಗಿತು. ಸಮುದ್ರದ ಬದಿಯಲ್ಲಿ ಯಾರೋ ನೀರಿಗೆ ಬಿದ್ದಿದ್ದಾರೆ ಎಂದು ಮೈಕು ಕೂಗಿತು.

ಎಲ್ಲರೂ ಕಿಟಕಿಗೆ ಮುಖ ಒತ್ತಿದೆವು. ಕೆಳಗೆ ಬೂದುಬಣ್ಣದ ನೀರಿನಲ್ಲಿ, ಎರಡು ಕೈ ಚಾಚಿಕೊಂಡು, ಗಿಳಿಹಸಿರು ಚೂಡಿದಾರ ತೇಲುತ್ತಿತ್ತು.

ಭಾವನ ಕೈಯಿಂದ ತಟ್ಟೆ ಜಾರಿತು.

"ವನಜಾ!"

ಅದು ಯಾರ ಧ್ವನಿ ಎಂದು ನನಗೆ ಒಂದು ಕ್ಷಣ ತಿಳಿಯಲೇ ಇಲ್ಲ. ಭಾವ ಓಡುತ್ತಿದ್ದರು. ಲಿಫ್ಟಿಗೆ ಕಾಯಲಿಲ್ಲ, ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದರು. ಒಂದೊಂದು ಮಹಡಿಯಲ್ಲೂ "ವನಜಾ! ವನಜಾ!" ಬಿಂಗೋ ಆಡುತ್ತಿದ್ದವರು ಎದ್ದು ನಿಂತರು. ಟವೆಲ್ಲಿನಲ್ಲಿ ಆನೆ ಮಡಿಸುವುದನ್ನು ಕಲಿಯುತ್ತಿದ್ದವರು ಆನೆಗಳನ್ನು ಕೈಬಿಟ್ಟರು. ನಾನು ಹಿಂದೆಯೇ ಓಡುತ್ತಾ, ದೇವರೇ, ನನ್ನ ಹಟಕ್ಕೆ ಅವಳನ್ನು ಇಲ್ಲಿಗೆ ಕರೆತಂದೆನಲ್ಲ ಎಂದು ಅಳುತ್ತಿದ್ದೆ.

ಹಡಗಿನಿಂದ ಇಳಿಯುವ ಬಾಗಿಲಲ್ಲಿ ಕಾವಲಿನವನು ನಮ್ಮನ್ನು ತಡೆದ. "ಹೆಂಡತಿಯ ಹೆಸರು?" ಎಂದು ಕೇಳಿದ. ಹಿಮದಲ್ಲಿ ನಿಂತರೂ ಬಾಯಿ ಬಿಡದಿದ್ದ ಆ ಮನುಷ್ಯ ಅವನ ತೋಳು ಹಿಡಿದುಕೊಂಡು, "ವನಜಾ, ನನ್ನ ವನಜಾ" ಎಂದು ಹೇಳುತ್ತಲೇ ಇದ್ದರು. ಇಳಿಯುವವರೆಲ್ಲ ಅಲ್ಲಿ ತಮ್ಮ ಕಾರ್ಡ್ ತೋರಿಸಿಯೇ ಇಳಿಯಬೇಕು. ಅವನು ಕಂಪ್ಯೂಟರ್ ನೋಡಿದ. "ಸರ್, ಅವರು ಆಗಲೇ ಇಳಿದು ದಡಕ್ಕೆ ಹೋಗಿದ್ದಾರೆ. ಗಂಟೆ ಬಾರಿಸುವ ಮೊದಲೇ" ಎಂದ.

ಅದೇ ಹೊತ್ತಿಗೆ ಅವನ ಕೈಲಿದ್ದ ವಾಕಿ-ಟಾಕಿ ಗೊರಗೊರ ಅಂದಿತು. ರಕ್ಷಣೆಗೆ ಹೋಗಿದ್ದ ದೋಣಿಯವರು ಉದ್ದನೆಯ ಕೊಕ್ಕೆಯಿಂದ ದೇಹವನ್ನು ಎತ್ತಿದ್ದರಂತೆ. ಮೇಲೆ ಬಂದದ್ದು ಹ್ಯಾಂಗರ್ ಸಮೇತ ಒಂದು ಚೂಡಿದಾರ, ಮೂರು ಕ್ಲಿಪ್ಪು ಮತ್ತು ಗಜಗಟ್ಟಲೆ ನೈಲಾನ್ ಹಗ್ಗ! ಮೇಲಿನ ಮಹಡಿಗಳಲ್ಲಿ ಜನ ಚಪ್ಪಾಳೆ ತಟ್ಟಿದ್ದು ನಮಗೂ ಕೇಳಿಸಿತು.

ಭಾವ ಅದಕ್ಕೂ ನಿಲ್ಲಲಿಲ್ಲ. ಕಣ್ಣಾರೆ ನೋಡುವವರೆಗೆ ಅವರಿಗೆ ಯಾವ ಕಂಪ್ಯೂಟರಿನ ಮೇಲೂ ನಂಬಿಕೆಯಿರಲಿಲ್ಲ. ಕತ್ತಿಗೆ ನೇತುಹಾಕಿಕೊಂಡಿದ್ದ ಕಾರ್ಡ್ ತೋರಿಸಿ ಮಳೆಗೆ ನುಗ್ಗಿದರು. ಕೊಡೆಯಿಲ್ಲ, ಕೋಟಿಲ್ಲ, ಮೈಮೇಲಿದ್ದ ಕೊನೆಯ ಒಣ ಅಂಗಿ ಎರಡು ಹೆಜ್ಜೆಗೆ ತೊಪ್ಪೆಯಾಯಿತು. ಕಟ್ಟೆಯ ಉದ್ದಕ್ಕೂ ಹೆಸರು ಕೂಗುತ್ತಾ ಓಡಿದರು, ನಾನೂ ಅವರ ಹಿಂದೆಯೇ ಓಡಿದೆ.

ಕಟ್ಟೆ ಮುಗಿಯುವಲ್ಲಿ ಒಂದು ತುಂಡು ಮರಳು. ಅಲ್ಲಿ, ನನ್ನ ಮಗಳ ಜೀನ್ಸನ್ನು ಮೊಣಕಾಲಿನವರೆಗೆ ಮಡಿಸಿಕೊಂಡು, ಅವಳದೇ ಹಳದಿ ರೈನ್‌ಕೋಟ್ ತೊಟ್ಟು, ಒಬ್ಬಳು ಹೆಂಗಸು ನೀರಿನಲ್ಲಿ ನಿಂತಿದ್ದಳು. ಹುಲ್ಲಿನ ಟೋಪಿ ಮುದ್ದೆಯಾಗಿ ಕಿವಿಯ ಮೇಲೆ ಇಳಿದಿತ್ತು. ಅಲೆ ಬಂದಾಗಲೆಲ್ಲ ಚಿಕ್ಕ ಹುಡುಗಿಯ ಹಾಗೆ ಒಂದೊಂದು ಸಲ ಕುಪ್ಪಳಿಸುತ್ತಿದ್ದಳು. ಜೀನ್ಸ್ ತೊಟ್ಟ ಅಕ್ಕನನ್ನು ನಾನು ನೋಡಿದ್ದು ಅದೇ ಮೊದಲು. (ಆಮೇಲೆ ಮಗಳನ್ನು ಕೇಳಿದ್ದಕ್ಕೆ, "ಶೀ ಜಸ್ಟ್ ಆಸ್ಕ್ಡ್ ಫಾರ್ ಸಮ್‌ಥಿಂಗ್ ಡ್ರೈ, ಅಮ್ಮಾ!" ಎಂದು ಭುಜ ಕುಣಿಸಿದಳು.)

ಭಾವ ಷೂ ಸಮೇತ ನೀರಿಗಿಳಿದು ಅವಳ ರಟ್ಟೆ ಹಿಡಿದುಕೊಂಡರು. ಅವರ ಮುಖದ ಮೇಲಿದ್ದುದೆಲ್ಲ ಮಳೆಯಲ್ಲ ಎಂದು ನನಗೆ ಗೊತ್ತಾಯಿತು. ಬೆಳಗಿನಿಂದ ಹೊತ್ತುಕೊಂಡಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ!

"ಅಕ್ಕಾ, ಅಷ್ಟು ಹೊತ್ತಿಂದ ಕೂಗ್ತಿದಾರೆ ಕಣೇ, ಕೇಳಿಸ್ಲಿಲ್ವಾ ನಿಂಗೆ?" ಎಂದೆ.

"ಕೇಳಿಸ್ತು. ಯಾರೋ ಪಾಪ ಯಾರನ್ನೋ ಕಳ್ಕೊಂಡಿದಾರೆ ಅಂದ್ಕೊಂಡೆ" ಎಂದಳು ಅಕ್ಕ. ಗಂಡನ ಮುಖವನ್ನೇ ನೋಡುತ್ತಿದ್ದಳು. "ಇವ್ರ ದನೀಲಿ ನನ್ನ ಹೆಸರು ಯಾವತ್ತೂ ಕೇಳೇ ಇರ್ಲಿಲ್ವಲ್ಲ."

ಭಾವ ತಲೆ ತಗ್ಗಿಸಿದರು. "ಶೀತ ಆಗತ್ತೆ, ನಡಿ" ಎಂದರು.

"ಇನ್ನೊಂದ್ಸಲ ಕರೀರಿ. ಆಮೇಲೆ ಬರ್ತೀನಿ."

ಭಾವ ನನ್ನ ಕಡೆ ನೋಡಿದರು. ನಾನು ಅವರಿಗೆ ಬೆನ್ನು ಮಾಡಿ, ಮಳೆಯಲ್ಲಿ ಅರ್ಧ ಕಾಣುತ್ತಿದ್ದ ಹಡಗನ್ನೇ ನೋಡುತ್ತಾ ನಿಂತೆ. ಹಿಂದಿನಿಂದ ಮೊದಲು ಕೆಮ್ಮು ಕೇಳಿಸಿತು, ಎರಡು ಗಿಡ್ಡ, ಒಂದು ಉದ್ದ. ಅಕ್ಕ ಅಲುಗಾಡಿದ ಸದ್ದಿಲ್ಲ. ಆಮೇಲೆ ಆ ಗಾಳಿಯಲ್ಲಿ, ತೀರ ಮೆಲ್ಲಗೆ, ಅವಳ ಹೆಸರು ಕೇಳಿಸಿತು.