ಮುಂದಿನ ಸೀಟಿಗೆ ಒಂದು ಟವಲು

ಪ್ರವಾಸದ ಮೊದಲ ದಿನಗಳ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಕೊನೆಯ ದಿನಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಅಷ್ಟು ಹೊತ್ತಿಗೆ ಬರೆಯುವ ಆಸಾಮಿಗೆ ಸಾಕುಸಾಕಾಗಿರುತ್ತದೆ, ಬರೆದರೂ ಜೊತೆಗೆ ಬಂದವರ ಸ್ನೇಹ ಉಳಿಯುವುದಿಲ್ಲ. ಬೀಜಿಂಗಿನಲ್ಲಿ ಇಳಿದ ದಿನ ನಾವು ರಸ್ತೆಯ ಕಸದ ಬುಟ್ಟಿ ಚೆನ್ನಾಗಿದೆಯೆಂದು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರು. ಮೂರನೇ ವಾರ ಬರುವಷ್ಟರಲ್ಲಿ ಸಾವಿರ ವರ್ಷದ ಪಗೋಡದ ಮುಂದೆ ಬಸ್ಸು ನಿಂತರೂ, "ಇಲ್ಲಿ ಟಾಯ್ಲೆಟ್ ಇದೆಯಾ?" ಎಂದು ಕೇಳಿ, ಇದೆ ಎಂದರೆ ಮಾತ್ರ ಇಳಿಯುತ್ತಿದ್ದೆವು.

ನಮ್ಮದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡಿಗರ ಗುಂಪು. ನಾವು ಪ್ಲೆಸೆಂಟನ್ನಿನವರು, ಉಳಿದವರು ಸ್ಯಾನ್ ಮಟಿಯೋ, ಫಾಸ್ಟರ್ ಸಿಟಿ ಕಡೆಯವರು. ಊರಿನಲ್ಲಿದ್ದಾಗ ಯುಗಾದಿಗೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ ಸೇರಿ, ಪೇಪರ್ ತಟ್ಟೆಯಲ್ಲಿ ಬಿಸಿಬೇಳೆಭಾತು ತಿಂದು, ಎಷ್ಟು ಒಳ್ಳೆಯ ಜನ ಎಂದು ಪರಸ್ಪರ ಮೆಚ್ಚಿಕೊಂಡಿದ್ದೆವು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಮ್ಮನ್ನು ಮೇಯಿಸಲು ಒಬ್ಬ ಚೀನೀ ಹುಡುಗಿ ಗೈಡಾಗಿ ಬಂದಿದ್ದಳು. ತನ್ನ ನಿಜವಾದ ಹೆಸರು ನಮ್ಮ ನಾಲಿಗೆಗೆ ಕಷ್ಟವಾದೀತೆಂದು ಲೂಸಿ ಎಂದು ಕರೆಯಿರಿ ಅಂದಳು. ನಮ್ಮ ಅತ್ತೆ, ಎಂದರೆ ನನ್ನ ಹೆಂಡತಿ ವತ್ಸಲೆಯ ತಾಯಿ, ಮೊದಲ ದಿನವೇ ನನ್ನ ಕಿವಿಯಲ್ಲಿ, "ಇಷ್ಟು ಚುರುಕಾಗಿರೋ ಹುಡುಗಿಗೆ ಲೂಸು ಅಂತ ಯಾರು ಹೆಸರಿಟ್ಟರು?" ಎಂದು ಮರುಗಿದರು. ಲೂಸಿ ನಮಗೆಲ್ಲ ಕಿತ್ತಳೆ ಬಣ್ಣದ ಟೋಪಿ ಹಂಚಿದ್ದಳು. ಅವಳು ಎಣಿಸುತ್ತಿದ್ದದ್ದು ನಮ್ಮ ತಲೆಗಳನ್ನಲ್ಲ, ಟೋಪಿಗಳನ್ನು. ಈ ವಿಷಯ ಮುಂದೆ ನನಗೆ ಮುಳುವಾಯಿತು.

ಅತ್ತೆ ಮೈಸೂರಿನವರು. ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲೇ ಇದ್ದಾರೆ. ಮದುವೆಯಾದಾಗಿನಿಂದ ನನ್ನನ್ನು "ಬನ್ನಿ, ಕೂತ್ಕೊಳ್ಳಿ, ತಗೊಳ್ಳಿ" ಎಂದೇ ಮಾತಾಡಿಸುತ್ತಾರೆ. ಕೋಪ ಬಂದಾಗಲೂ ಬಹುವಚನ ತಪ್ಪುವುದಿಲ್ಲ, "ನಿಮಗೆ ಬುದ್ಧಿ ಇದೆಯೇ?" ಎಂದು ಗೌರವದಿಂದಲೇ ಕೇಳುತ್ತಾರೆ. ಅವರು ಈ ಪ್ರವಾಸಕ್ಕೆ ಬಂದದ್ದು ಮಹಾಗೋಡೆ ನೋಡಲಿಕ್ಕಲ್ಲ. ನಮ್ಮ ಅಡುಗೆಮನೆಯಲ್ಲಿ ಚೀನೀ ಗ್ರೋಸರಿ ಅಂಗಡಿಯವರು ಕೊಟ್ಟ ಒಂದು ಕ್ಯಾಲೆಂಡರಿದೆ. ಅದರಲ್ಲಿ ಬೆಟ್ಟದ ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿದ ಭತ್ತದ ಗದ್ದೆಗಳ ಚಿತ್ರ. ವರ್ಷ ಮುಗಿದರೂ ಅದನ್ನು ತೆಗೆಯಲು ಅತ್ತೆ ಬಿಟ್ಟಿಲ್ಲ. ನನ್ನ ಮಗಳು ಅದಿತಿ ಒಂದು ದಿನ ಅದನ್ನು ನೋಡಿ, "ಅಜ್ಜಿ, ದಟ್ಸ್ ಫೇಕ್. ಕಂಪ್ಯೂಟರ್ ಮಾಡಿದ್ದು" ಎಂದುಬಿಟ್ಟಳು. ಅಂದಿನಿಂದ ಅಜ್ಜಿ ಮೊಮ್ಮಗಳಿಗೆ ವಾದ. ಕೊನೆಗೆ ಅತ್ತೆ, "ಇದೆಯೋ ಇಲ್ಲವೋ ನಾನೇ ನೋಡಿಕೊಂಡು ಬರ್ತೀನಿ" ಎಂದು ಹೊರಟರು. ಆ ಗದ್ದೆ ಇದ್ದದ್ದು ನಮ್ಮ ಪ್ರವಾಸದ ಕಟ್ಟಕಡೆಯ ದಿನದಲ್ಲಿ. ಅಲ್ಲಿಯವರೆಗೆ ಅರಮನೆ, ಗೋರಿ, ಮಣ್ಣಿನ ಸೈನಿಕರು, ಎಲ್ಲವನ್ನೂ ಅವರು ಬಸ್ ಸ್ಟಾಪಿನಲ್ಲಿ ಬೇರೆ ನಂಬರಿನ ಬಸ್ಸು ನೋಡಿದಂತೆ ನೋಡಿ ಮುಂದೆ ಕಳಿಸಿದರು.

ಇನ್ನು ಊಟದ ವಿಷಯ. ಚೀನೀ ಸಹೋದ್ಯೋಗಿಗಳ ಜೊತೆ ವರ್ಷಗಟ್ಟಲೆ ಮೀಟಿಂಗು ಮಾಡಿದ್ದೇನೆಂಬ ಒಂದೇ ಕಾರಣಕ್ಕೆ ಗುಂಪಿನವರು ನನ್ನನ್ನು ಚೀನೀ ಪಂಡಿತನನ್ನಾಗಿ ಮಾಡಿದ್ದರು. ಮೀಟಿಂಗಿನಲ್ಲಿ ಅವರೂ ಇಂಗ್ಲಿಷೇ ಮಾತಾಡುತ್ತಾರೆ ಎಂದರೆ ಯಾರೂ ಕೇಳಲಿಲ್ಲ. ಮೊದಲ ವಾರವೇ ಒಂದು ಹೋಟೆಲಿನಲ್ಲಿ ಅತ್ತೆಗೆ ಮೊಸರು ಬೇಕಾಯಿತು. ನಾನು ಫೋನಿನಲ್ಲಿ ಮೊಸರಿನ ಚಿತ್ರ ತೋರಿಸಿ, ಕೈ ತಿರುಗಿಸಿ ಕೇಳಿದೆ. ಬಡಿಸುವ ಹುಡುಗಿ ನನ್ನನ್ನು ನೇರವಾಗಿ ನೋಡಿ, "ಮೇಯೋ" ಅಂದಳು.

ಅತ್ತೆ ಚಾಪ್‌ಸ್ಟಿಕ್ಕು ಕೆಳಗಿಟ್ಟರು. "ಏನಂದಳು?"

"ಇಲ್ಲ ಅಂತ ಅರ್ಥವಂತೆ, ಅತ್ತೆ. ಅವರ ಭಾಷೇಲಿ ಹಾಗೇ."

"ಇಲ್ಲ ಅನ್ನೋಕೆ ಮೇಯೋ ಅಂತಾರೆಯೇ? ಅದೂ ಮನೆ ಅಳಿಯಂದಿರಿಗೆ?"

ಅಷ್ಟರಲ್ಲಿ ಅದೇ ಹುಡುಗಿ ದೊಡ್ಡ ತಟ್ಟೆಯ ತುಂಬ ಬರೀ ಬೇಯಿಸಿದ ಸೊಪ್ಪು ತಂದು ನನ್ನ ಮುಂದಿಟ್ಟಳು. ಮೇಯುವುದಲ್ಲದೆ ಬೇರೆ ದಾರಿಯಿರಲಿಲ್ಲ. ಆಮೇಲೆ ಆ ದೇಶದಲ್ಲಿ ನಾನು ಏನು ಕೇಳಿದರೂ ಇದೇ ಉತ್ತರ. ಫಿಲ್ಟರ್ ಕಾಫಿ ಬಿಡಿ, ಬರೀ ಹಾಲು ಇದೆಯೇ ಎಂದರೂ ಮೇಯೋ, ಖಾರ ಹಾಕದ್ದು ಇದೆಯೇ ಎಂದರೂ ಮೇಯೋ. ಎರಡನೇ ವಾರದಿಂದ ವತ್ಸಲೆಯೂ ಇದನ್ನು ಕಲಿತು, "ಲೇ, ನನ್ನ ಸಾಕ್ಸ್ ಎಲ್ಲಿ?" ಎಂದರೆ ಸೂಟ್‌ಕೇಸಿನಿಂದ ತಲೆಯೆತ್ತದೆ ಮೇಯೋ ಅನ್ನತೊಡಗಿದಳು.

ಇದೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದೇ ಹೋದದ್ದು ಕಿಣಿಯವರ ಬೈರಾಸು. ಕಿಣಿಯವರು ಮಂಗಳೂರಿನವರು, ಫಾಸ್ಟರ್ ಸಿಟಿಯಲ್ಲಿ ನೀರಿನ ದಂಡೆಯ ಮೇಲೆ ಮನೆ, ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಅವರ ಹೆಗಲ ಮೇಲೆ ಸದಾ ಕೆಂಪು ಚೌಕಳಿಯ ಒಂದು ಟವಲು. ಅವರ ಬಾಯಲ್ಲಿ ಅದು ಬೈರಾಸು. ಬೆಳಿಗ್ಗೆ ನಾವೆಲ್ಲ ತಿಂಡಿಗೆ ಕೂತಿರುವಾಗ ಅವರು ಹೊರಗೆ ನಿಂತ ಬಸ್ಸಿಗೆ ಹೋಗಿ, ಡ್ರೈವರಿನ ಹಿಂದಿನ ಎರಡು ಸೀಟಿಗೆ ಅಡ್ಡಲಾಗಿ ಬೈರಾಸು ಹಾಸಿ ಬರುತ್ತಿದ್ದರು. ಮುಗಿಯಿತು. ಆ ಸೀಟು ಅವರದ್ದು, ಅವರ ಹೆಂಡತಿಯದ್ದು. ಹುಡುಗಾಟದ ವಯಸ್ಸಿನಲ್ಲಿ ಕೆಂಪು ಬಸ್ಸಿನ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿದ ಜನ ನಾವೆಲ್ಲರೂ. ಅಮೆರಿಕದ ಪಾಸ್‌ಪೋರ್ಟು ಬಂದ ಮಾತ್ರಕ್ಕೆ ಟವಲಿನ ಮೇಲಿನ ಭಯ ಭಕ್ತಿ ಹೋಗುತ್ತದೆಯೇ? ಬೇರೆ ದೇಶದವರಾಗಿದ್ದರೆ ಆ ಬಟ್ಟೆಯನ್ನು ಪಕ್ಕಕ್ಕಿಟ್ಟು ಕೂರುತ್ತಿದ್ದರು. ನಮ್ಮವರಲ್ಲಿ ಒಬ್ಬರೂ ಅದನ್ನು ಮುಟ್ಟಲಿಲ್ಲ. ಎಲ್ಲರೂ ಅದನ್ನು ನೋಡಿ, ನಿಟ್ಟುಸಿರಿಟ್ಟು ಹಿಂದೆ ಹೋಗುತ್ತಿದ್ದೆವು.

ಗದ್ದೆಯ ದಿನಕ್ಕೆ ಹಿಂದಿನ ದಿನ ಬಸ್ಸು ಬೆಟ್ಟದ ದಾರಿ ಹಿಡಿಯಿತು. ನಮಗೆ ಸಿಕ್ಕಿದ್ದು ಕೊನೆಯ ಸಾಲಿನ ಸೀಟುಗಳು. ನಾಲ್ಕು ತಿರುವು ಆಗುವಷ್ಟರಲ್ಲಿ ಅತ್ತೆಯ ಮುಖ ಬಿಳಿಚಿಕೊಂಡಿತು. ವತ್ಸಲ ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರು ಹುಡುಕುತ್ತಿದ್ದಳು, ಕೈಗೆ ಚೂಡಾ, ಮಾತ್ರೆ, ರೇಷ್ಮೆ ಸ್ಕಾರ್ಫು ಎಲ್ಲ ಬಂತು, ಕವರು ಮಾತ್ರ ಬರಲಿಲ್ಲ. ನಾನು ತಲೆಯ ಮೇಲಿದ್ದ ಕಿತ್ತಳೆ ಟೋಪಿ ತೆಗೆದು ಹಿಡಿದೆ. ಆ ಟೋಪಿಯ ಕಥೆ ಅಲ್ಲಿಗೆ ಮುಗಿಯಿತು. ಅದಾದ ಮೇಲೆ ಬಸ್ಸು ನಿಂತಲ್ಲೆಲ್ಲ ಲೂಸಿ ಟೋಪಿ ಎಣಿಸಿ, ಒಬ್ಬರು ಕಡಿಮೆ ಎಂದು ಗಾಬರಿಯಾಗಿ ಬಾವುಟ ಹಿಡಿದು ಓಡುತ್ತಿದ್ದಳು. ನಾನು ಅವಳ ಹಿಂದೆಯೇ, "ನಾನಿಲ್ಲೇ ಇದ್ದೇನೆ" ಎನ್ನುತ್ತಾ ಓಡುತ್ತಿದ್ದೆ.

ಆ ಸಂಜೆ ಅತ್ತೆ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ, "ನಾಳೆ ನೀವಿಬ್ಬರೂ ಹೋಗಿ ಬನ್ನಿ. ಬಸ್ಸು ಇದೇ ದಾರೀಲಿ ವಾಪಸು ಬರೋವರೆಗೆ ನಾನು ಹೋಟೆಲಿನ ಕೆಳಗೆ ಕೂತಿರ್ತೀನಿ. ನನಗೆ ಆ ಹಿಂದಿನ ಸೀಟು ಆಗೋಲ್ಲ" ಅಂದರು. ಹೊದಿಕೆ ಎಳೆದುಕೊಂಡು, "ಇರಲಿ ಬಿಡಿ, ಅದಿತಿ ಹೇಳಿದ್ದೇ ನಿಜ ಇರಬಹುದು" ಅಂದರು. ಆ ಮಾತು ಕೇಳಿ ನನಗೆ ನಿಜವಾಗಿ ಸಂಕಟವಾಯಿತು. ಇಷ್ಟು ದೂರ ಬಂದು, ಇಷ್ಟು ಸೊಪ್ಪು ತಿಂದು, ಒಂದು ಸೀಟಿಗಾಗಿ ಸೋಲುವುದೇ?

"ರೀ, ಕಿಣಿಯವರನ್ನ ಕೇಳಿ. ಅದರಲ್ಲೇನಿದೆ?" ಅಂದಳು ವತ್ಸಲ.

"ಕೇಳೋದು ಹೇಗೆ? ಏನಂದುಕೊಳ್ತಾರೋ?"

"ಆಫೀಸಲ್ಲಿ ದಿನಾ ನೆಗೋಷಿಯೇಟ್ ಮಾಡ್ತೀನಿ ಅಂತೀರಲ್ಲ."

ಆಫೀಸಿನಲ್ಲಿ ನಾನು ಮಾಡುವುದು ಎಲ್ಲರಿಗೂ ಇಮೇಲು ಕಳಿಸಿ ಸುಮ್ಮನೆ ಕೂರುವುದು. ಇಲ್ಲೂ ಅದನ್ನೇ ಮಾಡಿದೆ. ಗುಂಪಿನ ಚಾಟಿನಲ್ಲಿ, ಹಿರಿಯರ ಹಿತದೃಷ್ಟಿಯಿಂದ ಸೀಟುಗಳನ್ನು ಸರದಿಯ ಪ್ರಕಾರ ಬದಲಿಸಿಕೊಳ್ಳುವ ಬಗ್ಗೆ ಎಲ್ಲರೂ ಯೋಚಿಸಬಹುದೇನೋ ಎಂದು, ಯಾರಿಗೂ ನೋವಾಗದಂತೆ, ಯಾರಿಗೂ ಅರ್ಥವೂ ಆಗದಂತೆ ಬರೆದೆ. ಹತ್ತಾರು ಜನ ಹೆಬ್ಬೆರಳು ಎತ್ತಿದರು. ಕಿಣಿಯವರು ಕೈಮುಗಿದ ಚಿತ್ರದ ಜೊತೆ ಒಂದು ಕಮಲದ ಹೂವನ್ನೂ ಕಳಿಸಿದರು.

ಆಗಲೇ ನಾನು ತೀರ್ಮಾನಿಸಿದ್ದು. ಬೆಳಿಗ್ಗೆ ಕಿಣಿಯವರಿಗಿಂತ ಮೊದಲು ಎದ್ದೆ. ನನ್ನ ಹತ್ತಿರ ಬೈರಾಸು ಎಲ್ಲಿಂದ ಬರಬೇಕು? ಬಚ್ಚಲುಮನೆಯಲ್ಲಿ ತೂಗುಹಾಕಿದ್ದ ಹೋಟೆಲಿನ ದೊಡ್ಡ ಬಿಳಿ ಟವಲನ್ನೇ ಮಡಚಿ ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದೆ. ಸೂಟ್‌ಕೇಸು ತುಂಬಿಸುತ್ತಿದ್ದ ಡ್ರೈವರು ನನ್ನನ್ನು ವಿಚಿತ್ರವಾಗಿ ನೋಡಿದ. ನಾನು ನಕ್ಕು, ಒಳಗೆ ಹೋಗಿ, ಮುಂದಿನ ಎರಡು ಸೀಟಿನ ಮೇಲೆ ಟವಲು ಹಾಸಿದೆ. ನಾಲ್ಕು ಮೂಲೆಯನ್ನೂ ಎಳೆದು ನೇರ ಮಾಡಿದೆ. ಎಷ್ಟೋ ವರ್ಷಗಳ ನಂತರ ಒಂದು ಸೀಟು ಹಿಡಿದ ಸಂತೋಷ ಹೇಳತೀರದು. ತಿಂಡಿಯ ಹೊತ್ತಿನಲ್ಲಿ ಕಿಣಿಯವರು ಬಸ್ಸಿಗೆ ಹೋಗಿ, ಬೈರಾಸು ಹೆಗಲ ಮೇಲೇ ಇಟ್ಟುಕೊಂಡು ವಾಪಸು ಬಂದದ್ದನ್ನು ಕಿಟಕಿಯಿಂದ ನೋಡಿದೆ. ಅವರೂ ಟವಲಿಗೆ ಮರ್ಯಾದೆ ಕೊಡುವವರೇ. ಆ ದಿನದ ಗಂಜಿ ನನಗೆ ಬಹಳ ರುಚಿಸಿತು.

ಎಲ್ಲರೂ ಬಸ್ಸು ಹತ್ತಿದೆವು. ಅತ್ತೆ ಮುಂದಿನ ಸೀಟಿನಲ್ಲಿ, ಬಿಳಿ ಟವಲಿನ ಮೇಲೆ, ಹಸೆಮಣೆಯ ಮೇಲೆ ಕೂತಂತೆ ಕೂತರು. ಅಂದು ನಾವು ಆ ಹೋಟೆಲು ಖಾಲಿ ಮಾಡುವ ದಿನ. ಆ ದೇಶದ ಹೋಟೆಲುಗಳಲ್ಲಿ ಒಂದು ಪದ್ಧತಿ ಇದೆ. ನೀವು ಬೀಗದ ಕಾರ್ಡು ಕೊಟ್ಟ ತಕ್ಷಣ ಒಬ್ಬರು ಓಡಿಹೋಗಿ ರೂಮಿನಲ್ಲಿ ಎಲ್ಲ ಸರಿಯಾಗಿದೆಯೇ ನೋಡುತ್ತಾರೆ. ಇದು ಅಷ್ಟು ದಿನವೂ ನನ್ನ ಕಣ್ಣ ಮುಂದೆಯೇ ನಡೆದಿತ್ತು, ತಲೆಗೆ ಹೋಗಿರಲಿಲ್ಲ. ಬಸ್ಸು ಹೊರಡಬೇಕು, ಹೋಟೆಲಿನ ಒಬ್ಬ ಹುಡುಗಿ ಓಡಿ ಬಂದು ಲೂಸಿಯ ಹತ್ತಿರ ಏನೋ ಹೇಳಿದಳು. ಲೂಸಿ ಮೈಕು ತೆಗೆದುಕೊಂಡು, ಬಹಳ ಸಂಕೋಚದಿಂದ ನಮ್ಮ ರೂಮಿನ ನಂಬರು ಹೇಳಿ, ಆ ರೂಮಿನಲ್ಲಿ ಒಂದು ಸ್ನಾನದ ಟವಲು ಕಾಣುತ್ತಿಲ್ಲ, ಯಾರದಾದರೂ ಬ್ಯಾಗಿನಲ್ಲಿ ತಪ್ಪಿ ಬಂದಿದೆಯೇ ನೋಡಿ ಅಂದಳು.

ಇಡೀ ಬಸ್ಸು ಅತ್ತೆಯ ಕಡೆ ನೋಡಿತು. ಟವಲಿನ ಅಂಚಿನಲ್ಲಿ ಹೋಟೆಲಿನ ಹೆಸರು ನೀಲಿ ದಾರದಲ್ಲಿ ಎದ್ದು ಕಾಣುತ್ತಿತ್ತು. ಅತ್ತೆ ನನ್ನನ್ನು ನೋಡಿದರು. "ಏನಿದು? ಕದ್ದು ತಂದ್ರೇ?" ಎಂದು ಬಹುವಚನದಲ್ಲೇ ಕೇಳಿದರು. ವತ್ಸಲ ಕಿಟಕಿಯ ಕಡೆ ತಿರುಗಿ, ನಾನು ಯಾರೋ ಎಂಬಂತೆ ಹೊರಗೆ ನೋಡತೊಡಗಿದಳು. ಸೀಟು ಕಾದಿರಿಸಲು ಟವಲು ಹಾಸಿದೆ ಎಂಬ ಸರಳ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಅದು ಕಳ್ಳತನಕ್ಕಿಂತ ನಾಚಿಕೆಗೇಡಿನದಾಗಿ ಕೇಳಿಸುತ್ತಿತ್ತು.

ಆಗ ಕಿಣಿಯವರು ಎದ್ದರು. "ಲೂಸಿ, ನೋ ಸ್ಟೀಲಿಂಗ್. ದಿಸ್ ಈಸ್ ರಿಸರ್ವೇಷನ್" ಎಂದು ತಮ್ಮ ಬೈರಾಸು ಹಾಸಿ, ಎತ್ತಿ, ಮತ್ತೆ ಹಾಸಿ ನಮ್ಮ ಕಡೆಯ ಕ್ರಮವನ್ನು ಪೂರ್ತಿ ಪ್ರದರ್ಶನ ಮಾಡಿ ತೋರಿಸಿದರು. ಲೂಸಿ ಅದನ್ನು ಚೀನೀ ಭಾಷೆಗೆ ತಿರುಗಿಸಿದಳು. ಡ್ರೈವರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಹೋಟೆಲಿನ ಹುಡುಗಿ ಟವಲು ತೆಗೆದುಕೊಂಡು ನಗುತ್ತಲೇ ಓಡಿದಳು. ಕಿಣಿಯವರು ನನ್ನ ಕಡೆ ತಿರುಗಿ, "ಎಂತ ಮಾರಾಯ್ರೆ ನೀವು, ಒಂದು ಮಾತು ಕೇಳುದಲ್ವಾ? ನನಗೂ ಹಾಗೇ, ಹಿಂದೆ ಕೂತ್ರೆ ಹೊಟ್ಟೆ ತೊಳಸ್ತದೆ. ಹೇಳ್ಲಿಕ್ಕೆ ನಾಚಿಕೆ, ಅದಕ್ಕೆ ಬೈರಾಸು ಹಾಕುದು. ಇಲ್ಲಿ ಎರಡು ಸೀಟುಂಟಲ್ಲ" ಎಂದು ಬೈರಾಸನ್ನು ಅತ್ತೆಗೆ ಹಾಸಿಕೊಟ್ಟು ಪಕ್ಕದಲ್ಲಿ ಕೂತರು. ಅವರ ಹೆಂಡತಿ ಬಂದು ವತ್ಸಲೆಯ ಪಕ್ಕ ನನ್ನ ಜಾಗದಲ್ಲಿ ಕೂತರು. ನನಗೆ ಉಳಿದದ್ದು ಕೊನೆಯ ಸಾಲಿನ ನಟ್ಟನಡುವಿನ ಸೀಟು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಆ ದಾರಿಯಲ್ಲಿ ವಾಂತಿ ಮಾಡಿದವನು ನಾನೊಬ್ಬನೇ. ಈ ಸಲ ಟೋಪಿಯೂ ಇರಲಿಲ್ಲ. ಮುಂದೆ ಅತ್ತೆ, ಕಿಣಿಯವರು ಒಣಶುಂಠಿ ಹಂಚಿಕೊಂಡು ಅಗಿಯುತ್ತ, ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ವಾದಿಸುತ್ತಿದ್ದದ್ದು ಹಿಂದಿನವರೆಗೂ ಕೇಳುತ್ತಿತ್ತು. ಎಲ್ಲರೂ ಇಳಿದು ಗದ್ದೆ ನೋಡಲು ಬೆಟ್ಟ ಹತ್ತಿದರು. ನಾನು ಮೂಗಿನ ಹತ್ತಿರ ನಿಂಬೆಹಣ್ಣು ಹಿಡಿದುಕೊಂಡು ಬಸ್ಸಿನಲ್ಲೇ ಅಡ್ಡಾದೆ. ಮೇಲೆ ಮೊದಲು ಬರೀ ಮಂಜಿತ್ತಂತೆ. ಆಮೇಲೆ ಮಂಜು ಸರಿದು ಬೆಟ್ಟವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಂಡಿತಂತೆ. ಅತ್ತೆ, "ಇದೆ ಕಣೇ ವತ್ಸಲ, ಇದೆ" ಅಂದರಂತೆ, ಕಣ್ಣೊರೆಸಿಕೊಂಡರಂತೆ. ಇಷ್ಟೂ ಹೆಂಡತಿಯ ಬಾಯಿಂದ ಕೇಳಿದ್ದು. ನಾನು ನೋಡಿದ್ದು ಈಗಲೂ ಅಡುಗೆಮನೆಯ ಕ್ಯಾಲೆಂಡರಿನಲ್ಲೇ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ನನ್ನ ಹೊಟ್ಟೆ ಇನ್ನೂ ಹದಕ್ಕೆ ಬಂದಿರಲಿಲ್ಲ. ಅದಿತಿ ಕಾರು ತಂದಿದ್ದಳು. ಅತ್ತೆ ತಮ್ಮ ಫೋನಿನಲ್ಲಿದ್ದ ಗದ್ದೆಯ ಫೋಟೋ ಮೊದಲು ತೋರಿಸಿದರು. ಅವಳು ದೊಡ್ಡದು ಮಾಡಿ ನೋಡಿ, "ಓಕೆ ಅಜ್ಜಿ, ಯು ವಿನ್" ಅಂದಳು. ನಾನು ಸೂಟ್‌ಕೇಸುಗಳನ್ನೆಲ್ಲ ಡಿಕ್ಕಿಗೆ ಹಾಕಿ, ಮನೆಯವರೆಗೆ ಫ್ರೀವೇ ಬೆಟ್ಟ ಹತ್ತಿ ಇಳಿಯುತ್ತದಲ್ಲ, ಮುಂದೆ ಕೂರೋಣ ಎಂದು ಬಾಗಿಲಿನ ಹತ್ತಿರ ಬಂದೆ. ಸೀಟಿನ ಮೇಲೆ ಕೆಂಪು ಚೌಕಳಿಯ ಬೈರಾಸು ಹಾಸಿತ್ತು. "ಕಿಣಿಯವರು ನೆನಪಿಗೆ ಇರಲಿ ಅಂತ ಕೊಟ್ಟರು" ಎಂದು ಅತ್ತೆ ನನ್ನನ್ನು ದಾಟಿ ಹೋಗಿ ಕೂತರು.

"ಅತ್ತೆ, ಇವತ್ತೊಂದು ದಿನ ನನಗೆ ಮುಂದೆ ಜಾಗ ಇದೆಯೇ?" ಎಂದು ಕೇಳಿದೆ. ಈ ಸಲ ಬಾಯಿಬಿಟ್ಟೇ ಕೇಳಿದೆ.

ಅತ್ತೆ ಸೀಟ್ ಬೆಲ್ಟು ಎಳೆದುಕೊಳ್ಳುತ್ತ, ತಿರುಗಿಯೂ ನೋಡದೆ, "ಮೇಯೋ" ಅಂದರು.

ಅದು ಚೀನೀ ಭಾಷೆಯೋ ಕನ್ನಡವೋ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.