ಸಣ್ಣ ಟ್ರ್ಯಾಕ್ಟರಿನ ಕರೆಂಟು ಕಾಯಿಲೆ

ಯಂತ್ರ ಅಂದಮೇಲೆ ಕೆಡುತ್ತದೆ, ಅದೇನು ದೊಡ್ಡ ಮಾತಲ್ಲ. ನಮ್ಮ ಮನೆಯ ಸಣ್ಣ ಟ್ರ್ಯಾಕ್ಟರು ಮಾತ್ರ ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ಸಾಕು, ಆಗಲೇ ಕೆಡುತ್ತಿತ್ತು.

ಕಳಸದ ಪೇಟೆಗೆ ಇನ್ನೂ ಎತ್ತಿನ ಗಾಡಿ ಬರುತ್ತಿದ್ದ ಕಾಲ. ನಮ್ಮ ಯಜಮಾನರು ಎತ್ತು ಮಾರಿ ಅದನ್ನು ತಂದಿದ್ದರು. ಅತ್ತೆಗೆ ಕೆಂಡದಂಥ ಸಿಟ್ಟು. "ಈ ಸಲದ ಕಾಫಿ ಕುಯ್ಲು ಮುಗಿಯೋವರೆಗೆ ನೋಡ್ತೀನಿ. ಆಮೇಲೂ ಹೀಗೇ ಕೈ ಕೊಟ್ರೆ ಮಾರಿಬಿಡು, ಎತ್ತು ತಾ," ಅಂದುಬಿಟ್ಟರು. ನಮ್ಮ ಮನೆಯಲ್ಲಿ ಅತ್ತೆ ಹೇಳಿದ್ದೇ ಕೋರ್ಟಿನ ತೀರ್ಪು. ಯಜಮಾನರಿಗೋ ಟ್ರ್ಯಾಕ್ಟರು ಅಂದರೆ ಪ್ರಾಣ.

ಹಬ್ಬದ ಬಣ್ಣ

ಆಯುಧಪೂಜೆಗೆ ಯಜಮಾನರು ಅದನ್ನು ಮದುಮಗನ ಹಾಗೆ ಸಿಂಗರಿಸಿದರು. ತುಕ್ಕು ಉಜ್ಜಿ, ಮೂತಿಯಿಂದ ಬಾಲದವರೆಗೆ ಕೆಂಪು ಬಣ್ಣ ಬಳಿದರು. ಒಂದೆರಡು ವೈರು ಬಿಚ್ಚಿ ಅದರ ಅಡಿಗೂ ಬಳಿದು ಮತ್ತೆ ಕಟ್ಟಿದರು. ವಿಭೂತಿ ಪಟ್ಟೆ, ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಅಕ್ಕಪಕ್ಕದ ತೋಟದವರೆಲ್ಲ ನೋಡಲು ಬಂದು ನಿಂತರು. ಕೀಲಿ ತಿರುಗಿಸಿದರೆ ಟಿಕ್ ಅಂತ ಒಂದೇ ಸದ್ದು! ನಿಂಬೆಹಣ್ಣು ಚಕ್ರದಡಿ ಆರಾಮಾಗಿ ಕೂತಿತ್ತು.

ಮೂಡಿಗೆರೆಯಿಂದ ಮೆಕ್ಯಾನಿಕ್ ಸಾಹೇಬರು ಬಂದರು. ಬ್ಯಾಟರಿಯಿಂದ ಗಾಡಿಯ ಮೈಗೆ ಬರುವ ದಪ್ಪ ವೈರು ಬಿಚ್ಚಿ ನಕ್ಕುಬಿಟ್ಟರು. "ಯಜಮಾನ್ರೇ, ಇದು ಬರಿ ಕಬ್ಬಿಣ ಮುಟ್ಟಬೇಕು. ನೀವು ನಡುವೆ ಬಣ್ಣ ಬಳಿದು ಕರೆಂಟಿನ ದಾರಿಗೆ ಬೇಲಿ ಹಾಕಿದೀರಿ!"

ಬಣ್ಣ ಕೆರೆದು ಕಟ್ಟಿದ್ದೇ ತಡ, ಟ್ರ್ಯಾಕ್ಟರು ಗುಡುಗಿತು. ಅತ್ತೆ ಜಗುಲಿಯಿಂದಲೇ ಅಂದರು: "ಎತ್ತಿನ ಕೋಡಿಗೆ ವರ್ಷ ವರ್ಷಾನೂ ಬಣ್ಣ ಹಚ್ತಿದ್ವಿ. ಒಂದಾದ್ರೂ ನಡೆಯೋದು ನಿಲ್ಲಿಸಿತ್ತಾ?"

ಎಡಕ್ಕೆ ತಿರುಗಿದರೆ ಊಟ

ಕುಯ್ಲು ಶುರುವಾಯಿತು. ನಮ್ಮ ತೋಟದಲ್ಲಿ ಮಧ್ಯಾಹ್ನ ಟ್ರ್ಯಾಕ್ಟರಿನ ಹಾರ್ನ್ ಹೊಡೆದರೆ ಊಟದ ಹೊತ್ತು ಅಂತ ಲೆಕ್ಕ. ಆಳುಗಳು ಬುಟ್ಟಿ ಇಳಿಸುತ್ತಿದ್ದರು. ಅಷ್ಟರಲ್ಲಿ ಸ್ಟೇರಿಂಗಿನ ಒಳಗೆ ಯಾವುದೋ ವೈರು ಸವೆದು, ಎಡಕ್ಕೆ ತಿರುಗಿದಾಗೆಲ್ಲ ಹಾರ್ನ್ ತಾನಾಗಿ ಕೂಗಲು ಹಿಡಿಯಿತು. ನಮ್ಮ ಗುಡ್ಡ ಇಳಿಯುವ ದಾರಿಯಲ್ಲಿ ಇರುವುದೆಲ್ಲ ಎಡ ತಿರುವೇ.

ಬೆಳಗಿನ ಮೊದಲ ಲೋಡು ಹೊರಟಿತು. ತಿರುವಿನಲ್ಲಿ ಪೋಂ! ಹೆಂಗಸರು ಬುಟ್ಟಿ ಇಳಿಸಿ ಬುತ್ತಿ ಬಿಚ್ಚಿದರು. ಮೇಸ್ತ್ರಿ ಓಡಿ ಬಂದ: "ಏಳ್ರೇ, ಇನ್ನೂ ಇಬ್ಬನಿ ಆರಿಲ್ಲ, ಊಟ ಅಂತೆ!"

ಒಬ್ಬ ಮುದುಕಿ ಅಲ್ಲಾಡಲಿಲ್ಲ. "ಕರೆದಿದ್ದು ಯಜಮಾನ್ರು. ಬೇಡ ಅನ್ನೋಕೆ ನೀನ್ಯಾರು ಮಾರಾಯ?"

ಕೆಳಗಿನ ತಿರುವಿನಲ್ಲಿ ಮತ್ತೆ ಪೋಂ! "ನೋಡು, ಸರಿಯಾಗಿ ತಿನ್ನಿ ಅಂತಿದಾರೆ," ಅಂದಳು.

ಸಾಹೇಬರು ಬಂದು ವೈರಿಗೆ ಟೇಪು ಸುತ್ತಿ ಹೋದರು. ಮಾರನೆಯ ದಿನ ಅದೇ ಮುದುಕಿ ನನ್ನ ಹತ್ತಿರ ಬಂದು ಮುಖ ಸಣ್ಣಗೆ ಮಾಡಿ, "ಅಮ್ಮಾ, ಅಷ್ಟು ಚೆನ್ನಾಗಿದ್ದ ಗಾಡೀನ ಯಾಕೆ ಕೆಡಿಸಿದ್ರಿ?" ಅಂತ ಕೇಳಿದಳು.

ಅತ್ತೆಯ ಎಲೆ-ಅಡಿಕೆ ಚೀಲ

ಕುಯ್ಲು ಮುಗಿಯಿತು. ಅತ್ತೆ ಮಾತು ಮರೆಯಲಿಲ್ಲ, ಮಾರುವುದೇ ಸರಿ ಅಂದರು. ಕೊಳ್ಳಲು ಬಂದವರು ನಮ್ಮ ಮೇಲಿನ ತೋಟದವರು; ಜೊತೆಗೆ ಪರೀಕ್ಷೆ ಮಾಡಲು ಸಾಹೇಬರನ್ನೂ ಕರೆತಂದಿದ್ದರು. ಯಜಮಾನರು ಟ್ರ್ಯಾಕ್ಟರಿನ ಮೂತಿ ಸವರಿ, ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಕೀಲಿ ತಿರುಗಿಸಿದರೆ ಉಸಿರೇ ಇಲ್ಲ. ಬ್ಯಾಟರಿ ಸರಿ, ದೀಪ ಸರಿ. ಸಾಹೇಬರು ಅಡಿಯಲ್ಲಿ ಇಣುಕಿ, "ಸೆಲ್ಫ್ ಸ್ಟಾರ್ಟಿಗೆ ಹೋಗೋ ಸಣ್ಣ ವೈರೇ ಕಾಣ್ತಿಲ್ಲ! ಇಲಿ ಕಚ್ಚಿಕೊಂಡು ಹೋಗಿರಬೇಕು," ಅಂದರು.

"ಹೌದಪ್ಪಾ, ಇಲಿ ಕಾಟ ಬಹಳ," ಅಂದರು ಅತ್ತೆ, ಎಂದೂ ಇಲ್ಲದ ಮೃದು ದನಿಯಲ್ಲಿ. "ಈ ದರಿದ್ರ ಗಾಡಿ ನಿಮಗ್ಯಾಕೆ? ಒಳ್ಳೇದು ನೋಡಿ ತಗೊಳ್ಳಿ."

ಅವರು ಬೇಡ ಅಂತ ಹೊರಟುಹೋದರು. ಹಿಂದೆ ಉಳಿದ ಸಾಹೇಬರಿಗೆ ನಾನು ಕಾಫಿ ಕೊಟ್ಟೆ. ಎಲೆ ಕೊಡೋಣ ಅಂತ ಅತ್ತೆ ಚೀಲ ಬಿಚ್ಚಿದರು. ಎಲೆಯ ಜೊತೆಗೇ ಸುರುಳಿ ಸುತ್ತಿದ ವೈರೂ ಹೊರಗೆ ಬಿತ್ತು.

ಸಾಹೇಬರು ಅದನ್ನು ಎತ್ತಿಕೊಂಡು ಮೆಲ್ಲಗೆ, "ಅಮ್ಮಾ, ನಿಮ್ಮನೆ ಇಲಿ ಎಲೆ-ಅಡಿಕೆನೂ ಹಾಕುತ್ತಾ?" ಅಂದರು.

"ಮತ್ತಿನ್ನೇನು ಮಾಡಲಿ? ಮಾರು ಅಂದಾಗ ಕೊಳ್ಳೋಕೆ ಅವರೇ ಬರ್ತಾರೆ ಅಂತ ನನಗೇನು ಗೊತ್ತಿತ್ತು?" ಅತ್ತೆ ಎದ್ದು ಸೆರಗು ಸರಿಮಾಡಿಕೊಂಡರು. "ಆ ಮೇಲಿನ ತೋಟದ ಮನೆ ಮುದುಕಿ ಇದರಲ್ಲಿ ಕೂತು, ನನ್ನ ಅಂಗಳದ ಮುಂದೇ ಕಳಸಕ್ಕೆ ಹೋಗೋದನ್ನ ನಾನು ನೋಡ್ತಾ ಇರಬೇಕಾ? ಬೇಗ ವೈರು ಹಾಕಿ ಸಾಹೇಬ್ರೇ. ಇವತ್ತು ನಾನೇ ಹೋಗ್ತೀನಿ." ಆಮೇಲೆ ಮಗನ ಕಡೆ ತಿರುಗಿ, "ಮೊದಲು ಮೇಲೆ ಹತ್ತಿ ಹೋಗಿ ಬರೋಣ; ಅವರ ಮನೆ ಮುಂದೆ ಮಾತ್ರ ನಿಧಾನಕ್ಕೆ ಹೋಗಪ್ಪಾ," ಅಂದರು.